ಹಾಕದ ಬೀಗದ ಕೀಲಿಕೈ ಯಾರ ಬಳಿ ಇದೆ? ಎನ್‌ಎಫ್‌ಎಲ್ ಆಯುಕ್ತರಿಗೂ ತಂಡಗಳ ಮಾಲೀಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ರೋಜರ್ ಗುಡೆಲ್, ಆಯುಕ್ತರು,
ನ್ಯಾಷನಲ್ ಫುಟ್‌ಬಾಲ್ ಲೀಗ್, ಪಾರ್ಕ್ ಅವೆನ್ಯೂ, ನ್ಯೂಯಾರ್ಕ್,
ಹಾಗೂ ಲೀಗಿನ 32 ತಂಡಗಳ ಮಾಲೀಕರಿಗೆ.

ವಿಷಯ: ಕಾಲಿನ್ ಕ್ಯಾಪರ್ನಿಕ್ ಅವರು ಲೀಗಿಗೆ ಮರಳಲು ನಡೆಸಿದ ಪ್ರಯತ್ನಗಳು ಮತ್ತು ಅವುಗಳಿಗೆ ಲಿಖಿತ ಉತ್ತರ ಸಿಗದಿರುವುದು.

ಮಾನ್ಯರೇ,

ಈ ಪತ್ರ ಕನ್ನಡದಲ್ಲಿದೆ. ತಮ್ಮ ಕಚೇರಿಯಲ್ಲಿ ಇದನ್ನು ಓದಬಲ್ಲವರು ಇಲ್ಲದಿರಬಹುದು. ಆದರೆ ಬಹಿರಂಗ ಪತ್ರಕ್ಕೆ ವಿಳಾಸದಲ್ಲಿರುವವರ ಜೊತೆಗೆ ಬೇರೆ ಓದುಗರೂ ಇರುತ್ತಾರೆ. ತಮ್ಮ ಅಮೆರಿಕನ್ ಫುಟ್‌ಬಾಲ್ ಲೀಗನ್ನು ದೂರದಿಂದ, ಆಸಕ್ತಿಯಿಂದ ನೋಡುವ ಕನ್ನಡಿಗರು ಅಂಥವರು. ಒಬ್ಬ ಆಟಗಾರನಿಗೆ ಕೆಲಸ ಕೊಡಿಸಿ ಎಂದು ನಾನು ಬೇಡುತ್ತಿಲ್ಲ. ಕ್ಯಾಪರ್ನಿಕ್ ಹುಟ್ಟಿದ್ದು 1987ರ ನವೆಂಬರ್‌ನಲ್ಲಿ, ಕೊನೆಯ ಪಂದ್ಯ ಆಡಿದ್ದು 2017ರ ಜನವರಿ 1ರಂದು. ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ, ಅಂದರೆ ತಂಡದ ಪ್ರತಿಯೊಂದು ದಾಳಿಯನ್ನೂ ತಾನೇ ಆರಂಭಿಸಬೇಕಾದ ಸ್ಥಾನದಲ್ಲಿ, ಇಷ್ಟು ದೀರ್ಘ ಬಿಡುವಿನ ನಂತರ ಮತ್ತೆ ನಿಲ್ಲುವುದು ಎಷ್ಟು ಕಷ್ಟವೆಂದು ಆಟ ಬಲ್ಲ ಯಾರಿಗೂ ಹೇಳಬೇಕಾಗಿಲ್ಲ. ನಾನು ಕೇಳುವುದು ಒಂದು ಕಾರಣವನ್ನು. ಅವರು ಮರಳಬಾರದೆಂದು ನಿರ್ಧರಿಸಿದವರು ಯಾರು, ಯಾವಾಗ ಮತ್ತು ಯಾವ ನಿಯಮದ ಪ್ರಕಾರ ನಿರ್ಧರಿಸಿದರು ಎಂಬುದನ್ನು ತಮ್ಮ ಲೀಗ್ ಈವರೆಗೆ ಎಲ್ಲಿಯೂ ಬರೆದು ಸಹಿ ಹಾಕಿಲ್ಲ.

ಹಿನ್ನೆಲೆ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ 2011ರ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಎರಡನೆಯ ಸುತ್ತಿನಲ್ಲಿ ಕ್ಯಾಪರ್ನಿಕ್ ಅವರನ್ನು ಆರಿಸಿಕೊಂಡಿತು. ಮರುವರ್ಷದ ಋತುವಿನ ನಡುವೆ ಅವರು ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. 2013ರ ಜನವರಿಯಲ್ಲಿ ಗ್ರೀನ್ ಬೇ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಚೆಂಡು ಹಿಡಿದು 181 ಗಜ ಓಡಿ, ಒಂದೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬರ ಓಟದ ದಾಖಲೆಯನ್ನು ಹೊಸದಾಗಿ ಬರೆದರು. ಅದೇ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಅಂತಿಮ ಪಂದ್ಯದಲ್ಲಿ, ಅವರ ತಂಡ ಬಾಲ್ಟಿಮೋರ್‌ಗೆ 34–31ರಿಂದ ಸೋತಿತು. ಆಮೇಲೆ ಗಾಯ, ಶಸ್ತ್ರಚಿಕಿತ್ಸೆ, ತರಬೇತುದಾರರ ಬದಲಾವಣೆ ಎಲ್ಲವೂ ಬಂದವು. 2015ರಲ್ಲಿ ಅವರು ತಮ್ಮ ಸ್ಥಾನವನ್ನೇ ಕಳೆದುಕೊಂಡರು. ಇದನ್ನು ಮರೆಮಾಚುವುದರಿಂದ ನನ್ನ ವಾದಕ್ಕೆ ಬಲ ಬರುವುದಿಲ್ಲ.

2016ರ ಆಗಸ್ಟ್‌ನಲ್ಲಿ, ಋತು ಆರಂಭಕ್ಕೆ ಮುನ್ನಿನ ಪಂದ್ಯವೊಂದರಲ್ಲಿ, ರಾಷ್ಟ್ರಗೀತೆಯ ಹೊತ್ತಿಗೆ ಅವರು ಬೆಂಚಿನ ಮೇಲೆ ಕುಳಿತೇ ಇದ್ದುದನ್ನು ಪತ್ರಕರ್ತರು ಗಮನಿಸಿದರು. ಕಪ್ಪು ಜನರ ಮೇಲೆ, ಬಿಳಿಯರಲ್ಲದ ಇತರರ ಮೇಲೆ ದಬ್ಬಾಳಿಕೆ ನಡೆಸುವ ದೇಶದ ಧ್ವಜಕ್ಕೆ ಹೆಮ್ಮೆ ತೋರಲು ತಾನು ಎದ್ದು ನಿಲ್ಲಲಾರೆ ಎಂದು ಅವರು ಕಾರಣ ಹೇಳಿದರು. ಬಳಿಕ ಸೇನೆಯಲ್ಲಿ ದುಡಿದಿದ್ದ ಮಾಜಿ ಆಟಗಾರ ನೇಟ್ ಬಾಯರ್ ಅವರೊಡನೆ ಮಾತುಕತೆ ನಡೆಯಿತು. ಕೂರುವುದಕ್ಕಿಂತ ಮಂಡಿಯೂರುವುದರಲ್ಲಿ ಸೈನಿಕರಿಗೆ ಗೌರವವಿದೆ ಎಂಬ ತೀರ್ಮಾನಕ್ಕೆ ಇಬ್ಬರೂ ಬಂದರು. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯೇಗೊದಲ್ಲಿ ಅವರು ಮೊದಲ ಬಾರಿಗೆ ಮಂಡಿಯೂರಿದರು. ಸಹ ಆಟಗಾರ ಎರಿಕ್ ರೀಡ್ ಅಂದು ಅವರ ಪಕ್ಕದಲ್ಲಿದ್ದರು. ಇಡೀ ಜಗತ್ತು ನೋಡಿದ ಆ ಭಂಗಿ ಆಕ್ಷೇಪಕ್ಕೆ ಕಿವಿಗೊಟ್ಟು ಮಾಡಿಕೊಂಡ ಬದಲಾವಣೆಯಾಗಿತ್ತು ಎಂಬುದನ್ನು ಅವರ ವಿರೋಧಿಗಳು ಬಹುಪಾಲು ನೆನಪಿಡುವುದಿಲ್ಲ.

ಅಂದು ಜಾರಿಯಲ್ಲಿದ್ದ ತಮ್ಮದೇ ಕೈಪಿಡಿಯ ಮಾತುಗಳನ್ನು ಇಲ್ಲಿ ನೆನಪಿಸಬೇಕು. ರಾಷ್ಟ್ರಗೀತೆಯ ಹೊತ್ತಿಗೆ ಆಟಗಾರರೆಲ್ಲ ಮೈದಾನದಂಚಿನಲ್ಲಿ ಹಾಜರಿರತಕ್ಕದ್ದು ಎಂದು ಅದು ಕಡ್ಡಾಯದ ಭಾಷೆಯಲ್ಲಿ ಹೇಳುತ್ತಿತ್ತು, ಎದ್ದು ನಿಲ್ಲುವ ವಿಷಯಕ್ಕೆ ಬಂದಾಗ ಮಾತ್ರ ಅದು ಅಪೇಕ್ಷೆಯ ಭಾಷೆಯನ್ನು ಬಳಸುತ್ತಿತ್ತು. ಕಾನೂನು ಬಲ್ಲವರಿಗೆ ಈ ಎರಡರ ನಡುವಿನ ಅಂತರ ಗೊತ್ತು. ಅದಕ್ಕೇ ಇರಬೇಕು, ಲೀಗ್ ಅವರನ್ನು ಅಮಾನತು ಮಾಡಲಿಲ್ಲ, ದಂಡ ಹಾಕಲಿಲ್ಲ, ಎಚ್ಚರಿಕೆಯ ಪತ್ರವನ್ನೂ ಹೊರಡಿಸಲಿಲ್ಲ. ಅವರ ನಡೆಯನ್ನು ತಾವು ಒಪ್ಪಲಿಲ್ಲವಾದರೂ ಮಾತನಾಡುವ ಹಕ್ಕು ಅವರಿಗಿದೆ ಎಂಬ ಧಾಟಿಯಲ್ಲಿ ತಾವೇ ಮಾತನಾಡಿದ್ದಿರಿ.

ಅವರು ಮಾಡಿದ್ದೆಲ್ಲ ನನಗೆ ಒಪ್ಪಿಗೆಯೆಂದು ತಿಳಿಯಬೇಡಿ. ಪೊಲೀಸರನ್ನು ಹಂದಿಗಳಾಗಿ ಚಿತ್ರಿಸಿದ ಕಾಲುಚೀಲ ತೊಟ್ಟು ಅಭ್ಯಾಸಕ್ಕೆ ಇಳಿದದ್ದು ಅವರ ಗಂಭೀರವಾದ ಮಾತನ್ನೇ ಹಗುರ ಮಾಡಿತು. ಅಷ್ಟೆಲ್ಲ ರಾಜಕೀಯ ಮಾತನಾಡಿದವರು ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಲಿಲ್ಲ ಎಂಬುದೂ ನನಗೆ ಅರ್ಥವಾಗದ ಸಂಗತಿ. ಹೀಗೆ ಟೀಕಿಸುವ ಹಕ್ಕು ನನಗೂ ಇದೆ, ತಮಗೂ ಇದೆ, ಕ್ರೀಡಾಂಗಣದಲ್ಲಿ ಕುಳಿತು ಕೂಗಿದ ಪ್ರೇಕ್ಷಕರಿಗೂ ಇತ್ತು. ಆದರೆ ಟೀಕೆ ಯಾವ ಹಂತದಲ್ಲಿ ಉದ್ಯೋಗದ ನಿಷೇಧವಾಗಿ ಮಾರ್ಪಟ್ಟಿತು ಎಂಬುದನ್ನು ದಾಖಲೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

2017ರ ಮಾರ್ಚ್‌ನಲ್ಲಿ ಅವರು ತಮ್ಮ ಒಪ್ಪಂದದಿಂದ ತಾವೇ ಹೊರಬಂದರು. ಇದನ್ನು ಲೀಗಿನ ಬೆಂಬಲಿಗರು ಪದೇ ಪದೇ ಎತ್ತಿ ಹೇಳುತ್ತಾರೆ: ಕೆಲಸ ಬಿಟ್ಟವರು ಅವರೇ ಅಲ್ಲವೇ? ಆದರೆ ಅವರು ಹೊರಬರದಿದ್ದರೂ ತಂಡವೇ ಅವರನ್ನು ಬಿಡುಗಡೆ ಮಾಡುವುದಿತ್ತು ಎಂದು 49ಅರ್ಸ್‌ನ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಆಮೇಲೆ ಹೇಳಿದ್ದಾರೆ. ಆಟದ ಲೆಕ್ಕವನ್ನೂ ನೋಡೋಣ. 2016ರಲ್ಲಿ ಅವರು 12 ಪಂದ್ಯ ಆಡಿ 16 ಟಚ್‌ಡೌನ್ ಪಾಸ್‌ಗಳನ್ನು, ಅಂದರೆ ಅಂಕ ತಂದ ಪಾಸ್‌ಗಳನ್ನು, ಎಸೆದರು, ಎದುರಾಳಿಗಳ ಕೈಸೇರಿದ ಪಾಸ್‌ಗಳು ನಾಲ್ಕು ಮಾತ್ರ. ಅವರು ಆರಂಭದಿಂದ ಆಡಿದ 11 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದನ್ನಷ್ಟೇ ಎಂಬುದೂ ಸತ್ಯ. ಈ ಅಂಕಿಗಳ ಮೇಲೆ ಅವರನ್ನು ಶ್ರೇಷ್ಠ ಆಟಗಾರರೆಂದು ಯಾರೂ ಕರೆಯಲಾರರು. ಆದರೆ 32 ತಂಡಗಳಲ್ಲಿ ಪ್ರತಿಯೊಂದೂ ಇಬ್ಬರು ಮೂವರು ಕ್ವಾರ್ಟರ್‌ಬ್ಯಾಕ್‌ಗಳನ್ನು ಇಟ್ಟುಕೊಳ್ಳುವ ಲೀಗಿನಲ್ಲಿ, 29 ವರ್ಷದ, ಸೂಪರ್ ಬೌಲ್ ಆಡಿದ ಒಬ್ಬನಿಗೆ ಮೀಸಲು ಆಟಗಾರನ ಜಾಗವೂ ಇಲ್ಲವೆಂಬುದನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ. ಆ ಮೇ ತಿಂಗಳಲ್ಲಿ ಸಿಯಾಟಲ್ ತಂಡ ಅವರನ್ನು ಕರೆಸಿ ಮಾತನಾಡಿತು. ಈತ ಮುಖ್ಯ ಆಟಗಾರನಾಗುವ ಮಟ್ಟದವನು, ನಮ್ಮಲ್ಲಿ ಆ ಸ್ಥಾನಕ್ಕೆ ಈಗಾಗಲೇ ಒಬ್ಬರಿದ್ದಾರೆ ಎಂದು ತರಬೇತುದಾರ ಪೀಟ್ ಕ್ಯಾರಲ್ ಹೇಳಿದರು. ಇಷ್ಟು ಚೆನ್ನಾಗಿ ಆಡುವುದರಿಂದಲೇ ಬೇಡ ಎಂಬ ಈ ವಿಚಿತ್ರ ಮಾತನ್ನು ನಾನು ಬೇರೆ ಯಾವ ಆಟದಲ್ಲೂ ಕೇಳಿಲ್ಲ.

ಮಾನ್ಯ ಆಯುಕ್ತರೇ, ಈ ಪತ್ರದ ಮುಖ್ಯ ಮಾತು ಈಗ ಬರುತ್ತದೆ. ತಾವು ಅಧಿಕಾರ ವಹಿಸಿಕೊಂಡದ್ದು 2006ರಲ್ಲಿ. ಮರುವರ್ಷವೇ ಅಟ್ಲಾಂಟಾ ಫಾಲ್ಕನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಮೈಕಲ್ ವಿಕ್ ಅವರ ಪ್ರಕರಣ ತಮ್ಮ ಮುಂದೆ ಬಂತು. ನಾಯಿಕಾಳಗದ ದಂಧೆಗೆ ಹಣ ಹಾಕಿ, ನಾಯಿಗಳನ್ನು ಕೊಲ್ಲುವುದರಲ್ಲೂ ಭಾಗಿಯಾದ ತಪ್ಪನ್ನು ಅವರು ಒಪ್ಪಿಕೊಂಡರು. ನ್ಯಾಯಾಲಯ 23 ತಿಂಗಳ ಸೆರೆವಾಸ ವಿಧಿಸಿತು, ತಾವು ಅನಿರ್ದಿಷ್ಟ ಅವಧಿಗೆ ಅಮಾನತು ಮಾಡಿದಿರಿ. ಶಿಕ್ಷೆ ಮುಗಿದ ಕೆಲವೇ ದಿನಗಳಲ್ಲಿ, 2009ರ ಜುಲೈನಲ್ಲಿ, ತಾವು ಅವರನ್ನು ಎದುರು ಕೂರಿಸಿಕೊಂಡು ಮಾತನಾಡಿಸಿ, ಷರತ್ತುಗಳನ್ನು ವಿಧಿಸಿ, ಹಿರಿಯ ತರಬೇತುದಾರ ಟೋನಿ ಡಂಜಿ ಅವರನ್ನು ಮಾರ್ಗದರ್ಶಕರನ್ನಾಗಿ ನೇಮಿಸಿ, ಅಮಾನತನ್ನು ಹಂತಹಂತವಾಗಿ ತೆರವುಗೊಳಿಸಿದಿರಿ. ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಪ್ರಾಣಿಪ್ರಿಯರು ಪ್ರತಿಭಟಿಸಿದರು, ತಂಡದ ಮಾಲೀಕರು ಜನರ ಮುಂದೆ ನಿಂತು ತಮ್ಮ ನಿರ್ಧಾರಕ್ಕೆ ವಿವರಣೆ ಕೊಟ್ಟರು. 2010ರಲ್ಲಿ ವಿಕ್ ಅವರಿಗೆ ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿ ಬಂತು. ಆ ನಿರ್ಧಾರ ಸರಿಯೆಂದೇ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಇದು ಒಂಟಿ ಉದಾಹರಣೆಯಲ್ಲ. 1963ರಲ್ಲಿ ಬಾಜಿ ಕಟ್ಟಿದ್ದಕ್ಕಾಗಿ ಅಮಾನತಾದ ಪಾಲ್ ಹಾರ್ನಂಗ್ ಮತ್ತು ಅಲೆಕ್ಸ್ ಕ್ಯಾರಸ್ ಅವರನ್ನು ಅಂದಿನ ಆಯುಕ್ತ ಪೀಟ್ ರೋಜೆಲ್ ಮರುವರ್ಷ ಹಿಂದಕ್ಕೆ ಕರೆದರು. 2022ರ ಮಾರ್ಚ್‌ನಲ್ಲಿ ಬಾಜಿಯ ಕಾರಣಕ್ಕೇ ಕ್ಯಾಲ್ವಿನ್ ರಿಡ್ಲಿ ಅಮಾನತಾದಾಗ, ಮರಳಲು ಅರ್ಜಿ ಹಾಕಬಹುದಾದ ದಿನವನ್ನೂ ಆದೇಶದಲ್ಲೇ ನಮೂದಿಸಲಾಗಿತ್ತು: 2023ರ ಫೆಬ್ರವರಿ 15. ಮಾರ್ಚ್ ಮೊದಲ ವಾರದಲ್ಲಿ ಅಮಾನತು ತೆರವಾಯಿತು. ಆದೇಶ, ಅವಧಿ, ಅರ್ಜಿ, ವಿಚಾರಣೆ, ಉತ್ತರ ಎಂಬ ಕ್ರಮ ಅಲ್ಲಿತ್ತು. ತಮ್ಮ ಲೀಗಿಗೆ ಮರಳುವ ದಾರಿ ಗೊತ್ತಿಲ್ಲವೆಂದಲ್ಲ, ಚೆನ್ನಾಗಿಯೇ ಗೊತ್ತಿದೆ.

ಆದರೆ ಆ ದಾರಿ ತೆರೆದಿರುವುದು ತಾವು ಬಾಗಿಲು ಮುಚ್ಚಿ ಬೀಗ ಹಾಕಿದವರಿಗೆ ಮಾತ್ರ. ಶಿಕ್ಷೆಗೊಳಗಾದವನು ಅರ್ಜಿ ಹಾಕಬಹುದು, ಪಶ್ಚಾತ್ತಾಪ ತೋರಬಹುದು, ಷರತ್ತುಗಳನ್ನು ಪೂರೈಸಬಹುದು. ಶಿಕ್ಷೆಯೇ ಆಗದವನು ಯಾರಿಗೆ ಅರ್ಜಿ ಹಾಕಬೇಕು? ಕ್ಯಾಪರ್ನಿಕ್ ಅವರ ಮೇಲೆ ನಿಷೇಧವೇ ಇಲ್ಲ, ಆದ್ದರಿಂದ ತೆರವುಗೊಳಿಸಲು ಏನೂ ಇಲ್ಲ ಎಂದು ಲೀಗ್ ಹೇಳುತ್ತದೆ. ನಾವು ಉಳಿದ 31 ತಂಡಗಳ ಪರವಾಗಿ ಮಾತನಾಡಲಾರೆವು ಎಂಬಂತೆ ಪ್ರತಿಯೊಂದು ತಂಡವೂ ನಡೆದುಕೊಳ್ಳುತ್ತದೆ. ಕೇಳಿದಲ್ಲೆಲ್ಲ ಬಾಗಿಲು ತೆರೆದೇ ಇದೆ ಎಂಬ ಉತ್ತರ ಬರುತ್ತದೆ, ಒಳಗೆ ಹೋಗಲು ಮಾತ್ರ ಆಗುವುದಿಲ್ಲ. ಅಪರಾಧ ಮಾಡಿದ್ದರೆ ಅವರಿಗೆ ಲೀಗಿನಲ್ಲಿ ಇದಕ್ಕಿಂತ ಹೆಚ್ಚಿನ ಹಕ್ಕುಗಳಿರುತ್ತಿದ್ದವು ಎಂದು ಬರೆಯುವಾಗ ನನಗೇ ಮುಜುಗರವಾಗುತ್ತದೆ. ಆದರೂ ಇದು ಅತಿಶಯೋಕ್ತಿಯಲ್ಲ.

ನನ್ನ ವಾದಕ್ಕೆ ಅನುಕೂಲವಲ್ಲದ ಎರಡು ಉದಾಹರಣೆಗಳನ್ನೂ ಹೇಳಬೇಕು. ಭಾವೀ ಪತ್ನಿಯ ಮೇಲೆ ಹಲ್ಲೆ ನಡೆಸಿದ ವೀಡಿಯೊ ಹೊರಬಂದ ಬಳಿಕ ರೇ ರೈಸ್ ಅವರನ್ನು ತಾವು 2014ರಲ್ಲಿ ಅನಿರ್ದಿಷ್ಟ ಅವಧಿಗೆ ಅಮಾನತು ಮಾಡಿದಿರಿ. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯಾಗಿದೆ ಎಂಬ ನೆಲೆಯಲ್ಲಿ ಆ ನವೆಂಬರ್‌ನಲ್ಲಿ ಮಧ್ಯಸ್ಥಗಾರರು ಅದನ್ನು ರದ್ದುಮಾಡಿದರು. ಹಾಗಿದ್ದೂ ಯಾವ ತಂಡವೂ ಅವರನ್ನು ಕರೆಯಲಿಲ್ಲ. ಅಂದರೆ ಬೀಗ ತೆಗೆದ ಮಾತ್ರಕ್ಕೆ ಕೆಲಸ ಸಿಗುತ್ತದೆಂಬ ಖಾತರಿ ಯಾರಿಗೂ ಇಲ್ಲ. ಅವರ ಪ್ರಕರಣದಲ್ಲಿ ಹಿಂಸೆಯ ದೃಶ್ಯವಿತ್ತು, ಅದರ ಹಿಂದಿನ ಋತುವಿನಲ್ಲಿ ಅವರ ಓಟವೂ ಕುಸಿದಿತ್ತು. ತಂಡಗಳು ಏಕೆ ಹಿಂಜರಿದವೆಂದು ಹೊರಗಿನವರಿಗೂ ತಿಳಿಯುತ್ತಿತ್ತು. ಎರಡನೆಯದು ಎರಿಕ್ ರೀಡ್ ಅವರದು. ಕ್ಯಾಪರ್ನಿಕ್ ಜೊತೆ ಮಂಡಿಯೂರಿದ ಅವರನ್ನು 2018ರ ಸೆಪ್ಟೆಂಬರ್‌ನಲ್ಲಿ ಕ್ಯಾರೊಲೈನಾ ತಂಡ ಸೇರಿಸಿಕೊಂಡಿತು. ಅವರ ದೂರು ಆಗ ವಿಚಾರಣೆಯಲ್ಲೇ ಇತ್ತು. ಮಂಡಿಯೂರಿದವರೆಲ್ಲರೂ ಹೊರಗುಳಿದರು ಎಂದು ಹಾಗಾಗಿ ಹೇಳಲಾಗದು. ಅದನ್ನು ಆರಂಭಿಸಿದ ಕ್ಯಾಪರ್ನಿಕ್ ಹೊರಗುಳಿದರು.

2017ರ ಅಕ್ಟೋಬರ್‌ನಲ್ಲಿ ಕ್ಯಾಪರ್ನಿಕ್ ದೂರು ಸಲ್ಲಿಸಿದರು: ಮಾಲೀಕರು ಒಳಗೊಳಗೇ ಒಪ್ಪಿಕೊಂಡು ತನ್ನನ್ನು ಹೊರಗಿಟ್ಟಿದ್ದಾರೆ ಎಂಬುದು ಆರೋಪ. ಆಟಗಾರರ ಸಂಘದೊಂದಿಗೆ ಲೀಗ್ ಮಾಡಿಕೊಂಡ ಸಾಮೂಹಿಕ ಒಪ್ಪಂದ ಇಂಥ ಒಳ ಒಪ್ಪಂದಗಳನ್ನು ನಿಷೇಧಿಸುತ್ತದೆ. ಆದರೆ ಯಾವ ತಂಡವೂ ಒಬ್ಬ ಆಟಗಾರನನ್ನು ಕರೆಯಲಿಲ್ಲ ಎಂಬುದಷ್ಟೇ ಸಾಕ್ಷ್ಯವಾಗದು ಎಂದೂ ಅದೇ ಒಪ್ಪಂದದಲ್ಲಿದೆ. 32 ಮಂದಿ ಒಂದೇ ದಿಕ್ಕಿಗೆ ಮುಖ ತಿರುಗಿಸಿದರೆ ತಪ್ಪಲ್ಲ, ತಿರುಗಿಸುವ ಮೊದಲು ಪರಸ್ಪರ ಮಾತನಾಡಿಕೊಂಡದ್ದು ಸಾಬೀತಾದರೆ ಮಾತ್ರ ತಪ್ಪು. ಈ ಎತ್ತರದ ಮೆಟ್ಟಿಲು ಏರಬೇಕಾಗಿದ್ದರೂ, ದೂರನ್ನು ವಿಚಾರಣೆಯಿಲ್ಲದೆ ವಜಾ ಮಾಡಿ ಎಂಬ ಲೀಗಿನ ಕೋರಿಕೆಯನ್ನು ಮಧ್ಯಸ್ಥಗಾರ ಸ್ಟೀಫನ್ ಬರ್ಬ್ಯಾಂಕ್ ಅವರು 2018ರ ಆಗಸ್ಟ್‌ನಲ್ಲಿ ತಳ್ಳಿಹಾಕಿದರು. ಪೂರ್ಣ ವಿಚಾರಣೆ ನಡೆಯುವ ಮೊದಲೇ, 2019ರ ಫೆಬ್ರವರಿ 15ರಂದು, ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಷರತ್ತುಗಳು ಗೋಪ್ಯ. ಗೋಪ್ಯತೆಗೆ ಸಹಿ ಹಾಕಿದವರಲ್ಲಿ ಕ್ಯಾಪರ್ನಿಕ್ ಅವರೂ ಇದ್ದಾರೆ ಎಂಬುದನ್ನು ನಾನು ಬಲ್ಲೆ. ಹೀಗಾಗಿ ಸತ್ಯ ಹೊರಬರದಿರುವುದರಲ್ಲಿ ಅವರ ಪಾಲೂ ಇದೆ. ಆದರೂ ನಷ್ಟವಾದದ್ದು ಅವರಿಬ್ಬರಿಗಲ್ಲ, ಮುಂದಿನ ಆಟಗಾರನಿಗೆ. ತನ್ನ ಮಾತಿನ ಬೆಲೆ ಎಷ್ಟೆಂದು ಅವನು ಯಾವ ತೀರ್ಪನ್ನು ಓದಿ ತಿಳಿಯಬೇಕು?

ಆ ವರ್ಷದ ನವೆಂಬರ್ ತಿಂಗಳ ಪ್ರಸಂಗ ನನಗೆ ಇಡೀ ಕಥೆಯ ತಿರುಳಿನಂತೆ ಕಾಣುತ್ತದೆ. ಒಂದು ಮಂಗಳವಾರ ತಮ್ಮ ಕಚೇರಿ ಇದ್ದಕ್ಕಿದ್ದಂತೆ ಅವರಿಗೆ ಟ್ರಯಲ್ಸ್ ಏರ್ಪಡಿಸಿತು: ಬರುವ ಶನಿವಾರ, ಅಟ್ಲಾಂಟಾ ತಂಡದ ತರಬೇತಿ ಕೇಂದ್ರದಲ್ಲಿ. ತಂಡಗಳು ಇಂಥ ಪರೀಕ್ಷೆಗಳನ್ನು ಸಾಮಾನ್ಯವಾಗಿ ಮಂಗಳವಾರ ನಡೆಸುತ್ತವೆ, ಏಕೆಂದರೆ ಶನಿವಾರ ತರಬೇತುದಾರರೂ ಮ್ಯಾನೇಜರುಗಳೂ ಭಾನುವಾರದ ಪಂದ್ಯಕ್ಕಾಗಿ ಪ್ರಯಾಣದಲ್ಲೋ ತಯಾರಿಯಲ್ಲೋ ಇರುತ್ತಾರೆ. ಬೇರೆ ದಿನ ಕೊಡಿ ಎಂಬ ಆಟಗಾರನ ಕಡೆಯವರ ಕೋರಿಕೆಗೆ ಒಪ್ಪಿಗೆ ಸಿಗಲಿಲ್ಲ. ನಂತರ ಹೊಣೆಗಾರಿಕೆಯ ಮುಚ್ಚಳಿಕೆಯ ಕುರಿತು ಜಗಳ ಹುಟ್ಟಿತು. ಇದು ಗಾಯದ ಹೊಣೆಯನ್ನು ದಾಟಿ ಮುಂದೆ ದಾವೆ ಹೂಡುವ ಹಕ್ಕನ್ನೂ ಕಿತ್ತುಕೊಳ್ಳುತ್ತದೆ ಎಂದು ಅವರ ವಕೀಲರು ಹೇಳಿದರು, ಎಲ್ಲ ಟ್ರಯಲ್ಸ್‌ಗಳಲ್ಲಿ ಬಳಸುವಂಥದ್ದೇ ಇದು ಎಂದು ಲೀಗ್ ಹೇಳಿತು. ಪತ್ರಕರ್ತರನ್ನು ಒಳಬಿಡಬೇಕೇ ಬೇಡವೇ ಎಂಬುದರಲ್ಲೂ ಹೊಂದಾಣಿಕೆಯಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಕ್ಯಾಪರ್ನಿಕ್ ಜಾಗವನ್ನೇ ಬದಲಿಸಿ, ರಿವರ್‌ಡೇಲ್ ಎಂಬಲ್ಲಿನ ಪ್ರೌಢಶಾಲೆಯ ಮೈದಾನಕ್ಕೆ ಹೋದರು. ಎರಡು ಡಜನ್ ತಂಡಗಳ ಪ್ರತಿನಿಧಿಗಳು ಬರುವ ನಿರೀಕ್ಷೆಯಿದ್ದ ಪರೀಕ್ಷೆಯನ್ನು ಅಲ್ಲಿ ನೋಡಿದವರು ಬೆರಳೆಣಿಕೆಯ ತಂಡಗಳವರು. ಬೇಲಿಯಾಚೆ ಜನ ನಿಂತು ನೋಡಿದರು. ಮೂರು ವರ್ಷಗಳಿಂದ ತಾನು ಸಿದ್ಧನಿದ್ದೇನೆ, ಮೂರು ವರ್ಷಗಳಿಂದ ತನಗೆ ನಿರಾಕರಣೆಯೇ ಸಿಕ್ಕಿದೆ ಎಂದು ಅವರು ಆ ದಿನ ಹೇಳಿದರು.

ಜಾಗ ಬದಲಿಸಿದ್ದು ಜಾಣತನವಾಗಿರಲಿಲ್ಲ. ಕೆಲಸ ಬೇಕಾದವನು ಸಂದರ್ಶನದ ಕೋಣೆಯನ್ನು ಅರ್ಧ ಗಂಟೆ ಮುಂಚೆ ಬದಲಿಸಿದರೆ ಯಾವ ಯಜಮಾನನೂ ಮುಖ ಸಿಂಡರಿಸುತ್ತಾನೆ. ಆದರೆ ಆ ಜಗಳ ಹುಟ್ಟಿದ್ದು ಯಾಕೆ? ಅಂಥ ಟ್ರಯಲ್ಸ್‌ಗೆ ಲೀಗಿನಲ್ಲಿ ಯಾವ ನಿಯಮವೂ ಇರಲಿಲ್ಲ. ವಿಕ್ ಅವರ ಮರಳುವಿಕೆಯಲ್ಲಿ ಯಾರು ಯಾರಿಗೆ ಏನು ಕೊಡಬೇಕೆಂಬುದು ಸ್ಪಷ್ಟವಿತ್ತು. ಇಲ್ಲಿ ದಿನ, ಜಾಗ, ಮುಚ್ಚಳಿಕೆ, ಕ್ಯಾಮೆರಾ ಎಲ್ಲವೂ ಆ ನಾಲ್ಕು ದಿನಗಳಲ್ಲಿ ಹೊಸದಾಗಿ ತೀರ್ಮಾನವಾಗಬೇಕಿತ್ತು, ಅದೂ ಹಿಂದೆ ಮೊಕದ್ದಮೆ ನಡೆಸಿದ ಎರಡು ಕಡೆಯವರ ನಡುವೆ. ಅದು ಕೆಡದೆ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

2020ರ ಮೇ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಅವರ ಹತ್ಯೆಯಾಯಿತು. ಆಟಗಾರರ ಮಾತಿಗೆ ಮೊದಲೇ ಕಿವಿಗೊಡದೆ ಇದ್ದದ್ದು ನಮ್ಮ ತಪ್ಪು ಎಂದು ಜೂನ್ 5ರಂದು ತಾವು ವೀಡಿಯೊದಲ್ಲಿ ಒಪ್ಪಿಕೊಂಡಿರಿ. ಹೆಸರು ಒಂದನ್ನು ಬಿಟ್ಟು ಬೇಕಾದ ಮಾತುಗಳೆಲ್ಲ ಅದರಲ್ಲಿದ್ದವು. ಆ ಹೆಸರು ಆಗಸ್ಟ್‌ನ ಒಂದು ಸಂದರ್ಶನದಲ್ಲಿ ಬಂತು. ಆ ಋತುವಿನಲ್ಲಿ ಮೈದಾನದ ಅಂಚಿನ ಹುಲ್ಲಿನ ಮೇಲೆ ವರ್ಣಭೇದ ಕೊನೆಗೊಳ್ಳಲಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದಿರಿ, ಸಾಮಾಜಿಕ ನ್ಯಾಯದ ಕೆಲಸಗಳಿಗೆ ಹತ್ತು ವರ್ಷಗಳಲ್ಲಿ 25 ಕೋಟಿ ಡಾಲರ್ ಕೊಡುವುದಾಗಿ ಹೇಳಿದಿರಿ. ಒಳ್ಳೆಯ ಕೆಲಸವೇ. ಆದರೆ ಆ ಮಾತನ್ನು ತಮಗಿಂತ ನಾಲ್ಕು ವರ್ಷ ಮೊದಲು ಹೇಳಿದವರು ಅದೇ ಹುಲ್ಲಿನ ಮೇಲೆ ಕಾಲಿಡಲಾಗದೆ ಮನೆಯಲ್ಲಿದ್ದರು.

2022ರ ಮೇನಲ್ಲಿ ಲಾಸ್ ವೇಗಸ್ ರೈಡರ್ಸ್ ತಂಡ ಅವರನ್ನು ಕರೆಸಿ ಪರೀಕ್ಷಿಸಿತು, ಒಪ್ಪಂದ ಆಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್ ಋತುವಿನ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಹೊರಬಿದ್ದಾಗ, ಕ್ಯಾಪರ್ನಿಕ್ ಆ ತಂಡದ ಜನರಲ್ ಮ್ಯಾನೇಜರಿಗೆ ಪತ್ರ ಬರೆದರು. ಆ ಪತ್ರ ಆಮೇಲೆ ಬಹಿರಂಗವಾಯಿತು. ಒಂದು ಕಾಲದಲ್ಲಿ 12.6 ಕೋಟಿ ಡಾಲರ್‌ವರೆಗೆ ಬೆಳೆಯಬಹುದಾಗಿದ್ದ ಒಪ್ಪಂದಕ್ಕೆ ಸಹಿ ಹಾಕಿದ್ದ ಆಟಗಾರ ಅದರಲ್ಲಿ ಕೇಳಿದ್ದು ಅಭ್ಯಾಸ ತಂಡದಲ್ಲಿ ಒಂದು ಜಾಗವನ್ನು. ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನಂತೆ ನಟಿಸಿ, ತಂಡದ ರಕ್ಷಣಾ ಆಟಗಾರರು ಪಂದ್ಯಕ್ಕೆ ಸಿದ್ಧವಾಗುವಂತೆ ನೆರವಾಗುತ್ತೇನೆ ಎಂದಿದ್ದರು. ಜೆಟ್ಸ್ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡಿತು.

ತಂಡಗಳು ಖಾಸಗಿ ಸಂಸ್ಥೆಗಳು, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಅವುಗಳ ಇಷ್ಟ ಎಂಬ ಉತ್ತರ ನನಗೆ ಗೊತ್ತು. ಪ್ರೇಕ್ಷಕರಲ್ಲಿ ಒಂದು ದೊಡ್ಡ ಭಾಗ ಸಿಟ್ಟಾಗಿತ್ತು ಎಂಬುದೂ ನಿಜ. 2017ರ ಸೆಪ್ಟೆಂಬರ್‌ನಲ್ಲಿ ದೇಶದ ಅಧ್ಯಕ್ಷರೇ ಅಲಬಾಮಾದ ಸಭೆಯೊಂದರಲ್ಲಿ, ಮಂಡಿಯೂರುವವರನ್ನು ಕೆಲಸದಿಂದ ಕಿತ್ತುಹಾಕಿ ಎಂದು ಮಾಲೀಕರಿಗೆ ಕರೆಕೊಟ್ಟಿದ್ದರು. ಅಂಥ ಒತ್ತಡದಲ್ಲಿ ವ್ಯಾಪಾರಿ ಹೆದರುವುದು ಸಹಜ. ಹೆದರಿದೆವು ಎಂದು ಹೇಳಿದ್ದರೆ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಆದರೆ ತಮ್ಮದು ಬೀದಿಗೆ ಹತ್ತರಂತೆ ಇರುವ ಅಂಗಡಿಗಳಲ್ಲಿ ಒಂದಲ್ಲ. ಸೇನೆಗೆ ಸೇರಲು ನಿರಾಕರಿಸಿದ ಮಹಮ್ಮದ್ ಅಲಿ ಅವರಿಗೆ 1967ರಲ್ಲಿ ಬಾಕ್ಸಿಂಗ್ ಪರವಾನಗಿ ತಪ್ಪಿತು. ಆದರೂ ಆ ಆಟದಲ್ಲಿ ಅಧಿಕಾರ ರಾಜ್ಯ ರಾಜ್ಯಕ್ಕೆ ಹಂಚಿಹೋಗಿತ್ತು. ರಾಜ್ಯಮಟ್ಟದ ಬಾಕ್ಸಿಂಗ್ ಆಯೋಗವೇ ಇಲ್ಲದ ಜಾರ್ಜಿಯಾದಲ್ಲಿ, ಅಟ್ಲಾಂಟಾ ನಗರ 1970ರಲ್ಲಿ ಅವರಿಗೆ ಅಖಾಡ ಕೊಟ್ಟಿತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಂಥ ಇನ್ನೊಂದು ಅಟ್ಲಾಂಟಾ ಇಲ್ಲ. ಈ ಮಟ್ಟದ ಲೀಗ್ ತಮ್ಮದೊಂದೇ. ಅದರ ಮೌನ ಇಡೀ ವೃತ್ತಿಯ ಬಾಗಿಲನ್ನೇ ಮುಚ್ಚಬಲ್ಲದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆಟಗಾರರ ಸಂಘದೊಂದಿಗೆ ಮುಂದಿನ ಸಾಮೂಹಿಕ ಒಪ್ಪಂದದ ಮಾತುಕತೆ ನಡೆಯುವಾಗ, ಅಮಾನತಾಗದೆ ಹೊರಗುಳಿದ ಆಟಗಾರನೂ ಆಯುಕ್ತರಿಗೆ ಅರ್ಜಿ ಸಲ್ಲಿಸಿ ಲಿಖಿತ ಉತ್ತರ ಪಡೆಯುವ ದಾರಿಯನ್ನು ಅದರಲ್ಲಿ ಸೇರಿಸಿ. ಲೀಗ್ ಏರ್ಪಡಿಸುವ ಟ್ರಯಲ್ಸ್ ಯಾವ ದಿನ, ಯಾವ ಮುಚ್ಚಳಿಕೆಯೊಂದಿಗೆ, ಯಾರ ಸಮ್ಮುಖದಲ್ಲಿ ನಡೆಯಬೇಕೆಂಬುದನ್ನು ಸಂಘದೊಡನೆ ಕೂತು ಮೊದಲೇ ನಿರ್ಧರಿಸಿ. ಯಾವ ತಂಡವೂ ಯಾರನ್ನೂ ಸೇರಿಸಿಕೊಳ್ಳಲೇಬೇಕೆಂಬ ಒತ್ತಾಯ ಇದರಲ್ಲಿಲ್ಲ. ಹಾಗೆಯೇ 2017ರಿಂದ ಈಚೆಗೆ ಕ್ಯಾಪರ್ನಿಕ್ ಅವರ ವಿಷಯದಲ್ಲಿ ತಮ್ಮ ಕಚೇರಿ ತಂಡಗಳಿಗೆ ಏನು ಹೇಳಿತು, ಏನು ಹೇಳಲಿಲ್ಲ ಎಂಬುದನ್ನು, ರಾಜಿಯ ಗೋಪ್ಯತೆ ಅನುಮತಿಸುವಷ್ಟರ ಮಟ್ಟಿಗೆ, ಅವರ ಒಪ್ಪಿಗೆ ಪಡೆದು, ಪ್ರಕಟಿಸಿ.

ಉತ್ತರ ಏನಾದರೂ ಆಗಿರಲಿ. ಆತನ ಆಟ ಸಾಲದಾಗಿತ್ತು ಎಂದಿದ್ದರೆ ಅದನ್ನು ಓದುತ್ತೇನೆ, ಪ್ರೇಕ್ಷಕರಿಗೆ ಹೆದರಿದೆವು ಎಂದಿದ್ದರೆ ಅದನ್ನೂ ಓದುತ್ತೇನೆ. ವಿಕ್ ಅವರ ಆದೇಶದಲ್ಲಿ ಇದ್ದಂತೆ ಅದರ ಕೆಳಗೆ ತಮ್ಮ ಸಹಿ ಮತ್ತು ತಾರೀಕು ಇರಲಿ.

ಇಂತಿ ತಮ್ಮ ವಿಶ್ವಾಸಿ,
ಈ ಆಟದ ಒಬ್ಬ ಕನ್ನಡ ಪ್ರೇಕ್ಷಕ